ಯಂತ್ರದ ಮೇಲಿನ ಪ್ಲಾಸ್ಟಿಕ್ ಕವರ್: ಉಜ್ಜಿ ಹೊಳಪು ಕೊಡುವುದೋ, ಹೊಸದು ಹಾಕುವುದೋ?

(ತುಕ್ಕಾನಟ್ಟಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಸಂಘವೊಂದರ ಪ್ರತಿನಿಧಿ ನೀಡಿದ ಮಾಹಿತಿ ಉಪನ್ಯಾಸದ ಬರಹ ರೂಪ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿದ್ದು ನನಗೆ ಗೊತ್ತು. "ಉಳಿತಾಯ, ಸಾಲ, ಹೈನುಗಾರಿಕೆ ಬಗ್ಗೆ ಮಾತಾಡೂದು ಬಿಟ್ಟು ಪ್ಲಾಸ್ಟಿಕ್ ಕವರ್ ಬಗ್ಗೆ ಏನ್ ಹೇಳ್ತೀರಿ ಅಕ್ಕಾರ?" ಅಂತ ಒಬ್ಬ ತಂಗಿ ಬಾಗಿಲಲ್ಲೇ ಕೇಳಿದಳು. ಹೇಳ್ತೀನಿ, ಕುಂದರ್ರಿ. ಒಂದು ಮಬ್ಬಾದ ಕವರಿನಿಂದ ನಮ್ಮ ಸಂಘ ಒಡೆಯುವ ಹಂತಕ್ಕೆ ಬಂದಿತ್ತು. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನಮ್ಮದು ಹದಿನೈದು ಜನರ ಸಂಘ. ಶೇಂಗಾ ಚಟ್ನಿ, ಸಜ್ಜಿ ರೊಟ್ಟಿ, ಹಬ್ಬದ ಸಮಯದಲ್ಲಿ ಕರದಂಟು ಮಾಡಿ ಮಾರುತ್ತೇವೆ. ಶೇಂಗಾ ಸುಲಿಯುವ ಕೆಲಸವನ್ನು ಸದಸ್ಯೆಯರು ಮನೆಗೆ ಒಯ್ದು ಮಾಡಿ, ಕಾಳು ತಂದು ತೂಗಿಸಿ, ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ತೂಗುವುದಕ್ಕೆ ಒಂದು ಎಲೆಕ್ಟ್ರಾನಿಕ್ ಕಾಟಾ ಇದೆ. ಅದನ್ನು ಬೆಳಕು ಚೆನ್ನಾಗಿರಲಿ ಅಂತ ಕಿಟಕಿಯ ಬಳಿ ಇಟ್ಟಿದ್ದೆವು. ಮೂರು ವರ್ಷ ಬಿಸಿಲು ಬಿದ್ದು, ಹಿಟ್ಟಿನ ಧೂಳು ಕೂತು, ಒಣ ಬಟ್ಟೆಯಿಂದ ಒರೆಸಿ ಒರೆಸಿ ಅದರ ಮೇಲಿನ ಕವರ್ ಹಳದಿಯಾಗಿ, ಗೀರುಬಿದ್ದು ಹೋಗಿತ್ತು. ಯಾರೋ ಒಮ್ಮೆ ಬಿಸಿ ಹಂಚನ್ನು ಪಕ್ಕದಲ್ಲಿ ಇಟ್ಟಿದ್ದರಿಂದ ಅಂಕಿ ಕಾಣುವ ಜಾಗದಲ್ಲಿ ಒಂದು ಬಿಳಿ ಕಲೆಯೂ ಆಗಿತ್ತು. "ಕಾಣ್ತೈತಲ್ಲ, ನಡೀತೈತಿ" ಅಂತ ಬಿಟ್ಟೆವು.

ಒಂದು ದಿನ ನಮ್ಮ ಸಂಘದ ಹಿರಿಯವ್ವ ಶೇಂಗಾ ಕಾಳಿನ ಗಂಟು ತಂದು ಕಾಟಾದ ಮೇಲಿಟ್ಟಳು. ಲೆಕ್ಕ ಬರೆಯುವ ಹುಡುಗಿ ನೋಡಿ "ಆರು ಕಿಲೋ ಮುನ್ನೂರು" ಅಂದಳು. ಹಿರಿಯವ್ವ "ಇಲ್ಲವಾ, ಎಂಟರ ಮ್ಯಾಲ ಇರಬೇಕು. ನಾ ಮನಿಯಾಗ ಸೇರಿನಿಂದ ಅಳದೀನಿ" ಅಂದಳು. ಮತ್ತೊಮ್ಮೆ ತೂಗಿದೆವು. ಮತ್ತೆ ಆರೇ ಕಂಡಿತು. ಮಾತಿಗೆ ಮಾತು ಬೆಳೆಯಿತು. "ವಯಸ್ಸಾಗೇತಿ, ಅಳತಿ ತಪ್ಪಿರಬೇಕು" ಅಂತ ಒಬ್ಬರು, "ಮನ್ಯಾಗ ಮೊಮ್ಮಕ್ಕಳು ತಿಂದಿರಬೇಕು" ಅಂತ ಇನ್ನೊಬ್ಬರು. ಆ ಮಾತು ಆಡಬಾರದಿತ್ತು. ಹಿರಿಯವ್ವ ಗಂಟನ್ನು ಅಲ್ಲೇ ಬಿಟ್ಟು ಹೋದವಳು ಮೂರು ವಾರ ಸಭೆಗೆ ಬರಲಿಲ್ಲ. ಆಕೆಯ ಓಣಿಯ ಇನ್ನೂ ನಾಲ್ಕು ಜನ ಬರಲಿಲ್ಲ. ಉಳಿತಾಯದ ಹಣ ವಾಪಸ್ ಕೊಡ್ರಿ ಅನ್ನುವ ಮಾತೂ ಬಂತು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಕವರ್ ಸ್ವಚ್ಛ ಮಾಡೋಣ ಅಂತ ಮನೆಯಲ್ಲಿದ್ದ ಬಣ್ಣದ ಥಿನ್ನರ್ ತಂದು ಒರೆಸಿದೆ. ಒಂದೇ ಕ್ಷಣದಲ್ಲಿ ಅದು ಹಾಲಿನಂತೆ ಬೆಳ್ಳಗಾಗಿ, ಜೇಡರ ಬಲೆಯಂತೆ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಮೊದಲು ಅಂಕಿ ಮಬ್ಬಾಗಿಯಾದರೂ ಕಾಣುತ್ತಿತ್ತು, ಈಗ ಏನೂ ಕಾಣದಂತಾಯಿತು.

ಕೊನೆಗೆ ಪರವಾನಗಿ ಇರುವ ಕಾಟಾ ರಿಪೇರಿಯವರ ಬಳಿ ಒಯ್ದೆವು. ಅವರು ಸ್ಕ್ರೂ ಬಿಚ್ಚಲಿಲ್ಲ, ಸೀಲ್ ಮುಟ್ಟಲಿಲ್ಲ. ಅಂಚಿಗೆ ಉಗುರು ಹಾಕಿ ಕವರನ್ನು ಮೇಲೆತ್ತಿದರು. ಅದು ಹೊರಗಿನ ಧೂಳಿನ ಕವರ್ ಮಾತ್ರ! ಕೆಳಗೆ ಕಾಟಾದ ಮೂಲ ಗಾಜು ಹೊಸದರಂತೆ ಹೊಳೆಯುತ್ತಿತ್ತು. ಜಗಳದ ಗಂಟು ಸಂಘದ ಮೂಲೆಯಲ್ಲಿ ಕಟ್ಟಿದ ಹಾಗೆಯೇ ಇತ್ತು. ಎಲ್ಲರ ಮುಂದೆ ತೂಗಿದೆವು. ಎಂಟು ಕಿಲೋ ಮುನ್ನೂರು ಗ್ರಾಂ.

ಹೇಗಾಯಿತು ಇದು? ಕಾಟಾದ ಅಂಕಿಗಳು ಏಳು ಸಣ್ಣ ಗೆರೆಗಳಿಂದ ಆಗಿರುತ್ತವೆ. ಎಂಟರಲ್ಲಿ ಏಳೂ ಗೆರೆ ಹೊಳೆಯುತ್ತವೆ. ಅದರ ಬಲಗಡೆಯ ಮೇಲಿನ ಒಂದು ಗೆರೆ ಮುಚ್ಚಿದರೆ ಎಂಟು ಆರಾಗಿ ಕಾಣುತ್ತದೆ. ಅದೇ ಗೆರೆ ಮುಚ್ಚಿದರೆ ಒಂಬತ್ತು ಐದಾಗಿ ಕಾಣುತ್ತದೆ. ನಮ್ಮ ಬಿಳಿ ಕಲೆ ಸರಿಯಾಗಿ ಆ ಜಾಗದಲ್ಲೇ ಇತ್ತು. ಕಾಟಾ ಸುಳ್ಳು ಹೇಳಿರಲಿಲ್ಲ, ಹಿರಿಯವ್ವಳೂ ಸುಳ್ಳು ಹೇಳಿರಲಿಲ್ಲ. ನಾವು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆವು, ಬಾಕಿ ಕೂಲಿ ಕೊಟ್ಟೆವು, ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದೆವು. ಆದರೆ ಆ ಮೂರು ವಾರ ಹಿರಿಯವ್ವ ಮನೆಯಲ್ಲಿ ಕುಳಿತು ಏನು ನುಂಗಿಕೊಂಡಳೋ ಅದನ್ನು ವಾಪಸ್ ಕೊಡಲು ಆಗಲಿಲ್ಲ.

ಅದಕ್ಕೇ ಸಹೋದರಿಯರೇ, ಕವರ್ ಅಂದರೆ ಸಣ್ಣ ವಿಷಯ ಅಲ್ಲ.

ಪ್ಲಾಸ್ಟಿಕ್ ಯಾಕೆ ಕೆಡುತ್ತದೆ?

ನಮ್ಮ ಸುತ್ತ ಇಂಥ ಕವರ್ ಎಷ್ಟಿವೆ ನೋಡಿ. ಕಾಟಾದ ಕವರ್, ಸ್ಕೂಟಿಯ ಮೀಟರ್ ಗಾಜು, ಟ್ರ್ಯಾಕ್ಟರ್ ಮೀಟರ್, ಗಿರಣಿಯ ಸ್ಟಾರ್ಟರ್ ಡಬ್ಬಿ, ಹೊಲದ ಪಂಪ್‌ಸೆಟ್ ಬೋರ್ಡು, ಸೋಲಾರ್ ದೀಪದ ಗಾಜು, ಮನೆಯ ಕರೆಂಟ್ ಮೀಟರ್. ಕರಾವಳಿಗೆ ಹೋದರೆ ಮಲ್ಪೆ, ಕಾರವಾರದ ಮೀನುಗಾರಿಕೆ ಬೋಟುಗಳಲ್ಲೂ ದಿಕ್ಸೂಚಿ, ಜಿಪಿಎಸ್, ಮೀನಿನ ಗುಂಪು ತೋರಿಸುವ ಯಂತ್ರ ಇರುತ್ತವೆ. ಬಿಸಿಲು ಮತ್ತು ಉಪ್ಪುನೀರಿನ ಹೊಡೆತಕ್ಕೆ ಅವುಗಳ ಕವರ್ ಕೂಡ ಹಳದಿಯಾಗುತ್ತದೆ, ಪುಡಿಯಾಗುತ್ತದೆ. ಸಮುದ್ರದಲ್ಲಿ ಅಂಕಿ ಕಾಣದಿದ್ದರೆ ದಾರಿಯೇ ತಪ್ಪುತ್ತದೆ. ನಮಗೆ ಸಮುದ್ರವಿಲ್ಲ, ಆದರೆ ನಮ್ಮ ಬಿಸಿಲು ಕಡಿಮೆಯೇನ್ರೀ?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಪ್ಲಾಸ್ಟಿಕ್ಕಿನ ಒಳಗಿನ ಉದ್ದನೆಯ ಸರಪಳಿಗಳನ್ನು ಕತ್ತರಿಸುತ್ತವೆ. ಸರಪಳಿ ಕತ್ತರಿಸಿದ ಮೇಲೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಗಡುಸಾಗುತ್ತದೆ, ಕೊನೆಗೆ ಮುಟ್ಟಿದರೆ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತದೆ. ಕಬ್ಬಿನ ಹೊಲದ ಡ್ರಿಪ್ ಪೈಪು, ಮನೆ ಮೇಲಿನ ನೀರಿನ ಟಾಕಿ ಹೆಚ್ಚಾಗಿ ಯಾಕೆ ಕಪ್ಪಾಗಿರುತ್ತವೆ ಗೊತ್ತೇ? ಅದರಲ್ಲಿ ಬೆರೆಸಿದ ಇಂಗಾಲದ ಕಪ್ಪು ಪುಡಿ ಆ ಕಿರಣಗಳನ್ನು ತಾನೇ ಹೀರಿಕೊಂಡು ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ. ಪಾರದರ್ಶಕ ಕವರಿಗೆ ಆ ರಕ್ಷಣೆ ಕೊಡಲು ಬರುವುದಿಲ್ಲ. ಅದಕ್ಕೇ ಅದು ಬೇಗ ಸೋಲುತ್ತದೆ.

ಎರಡನೇ ಶತ್ರು ನಾವೇ. ಒಣ ಬಟ್ಟೆಯಿಂದ ಒರೆಸಿದರೆ ಅದರ ಮೇಲಿನ ಮಣ್ಣಿನ ಕಣವೇ ಗೀರು ಹಾಕುತ್ತದೆ. ಪೆಟ್ರೋಲ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಹಾಕಿದರೆ ನನಗೆ ಆದಂತೆಯೇ ಆಗುತ್ತದೆ.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಯಾವುದೇ ಕವರ್ ಮಬ್ಬಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಇದು ಹೊರಗಿನ ಕವರೋ, ಯಂತ್ರದ ಭಾಗವೋ? ಹೊರಗಿನದಾದರೆ ತೆಗೆದು ಬೇರೆ ಹಾಕಬಹುದು.

ಎರಡು: ಇದಕ್ಕೆ ಸೀಲ್ ಇದೆಯೇ, ಒಳಗೆ ಕರೆಂಟ್ ಇದೆಯೇ? ಇದ್ದರೆ ನಾವು ಬಿಚ್ಚುವಂತಿಲ್ಲ.

ಮೂರು: ಗೀರು ಮೇಲ್ಮೈಯದೋ, ಬಿರುಕೋ? ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಿಂದಲೇ ಹೋಗುತ್ತದೆ. ಸಿಕ್ಕಿಕೊಂಡರೆ ವಾಟರ್ ಪೇಪರ್‌ನಿಂದ ಉಜ್ಜಬೇಕು. ಆರಪಾರ ಬಿರುಕು ಬಿಟ್ಟಿದ್ದರೆ, ಅಥವಾ ಮೂಲೆ ಒತ್ತಿದಾಗ ಪುಡಿ ಉದುರಿದರೆ ಅದನ್ನು ಉಜ್ಜಿ ಫಲವಿಲ್ಲ. ಬಣ್ಣ ಬಳಿದರೆ ನೋಡಲು ಚೆಂದವಾಗುತ್ತದೆ ಹೊರತು ಸತ್ತ ಪ್ಲಾಸ್ಟಿಕ್ಕಿಗೆ ಜೀವ ಬರುವುದಿಲ್ಲ. ಹೊಸದೇ ಹಾಕಬೇಕು.

ಉಜ್ಜಿ ಹೊಳಪು ಕೊಡುವ ವಿಧಾನ

ಇದು ಸ್ಕೂಟಿಯ ಮೀಟರ್ ಗಾಜು, ಹೆಡ್‌ಲೈಟ್ ಗಾಜು, ಸೋಲಾರ್ ದೀಪದ ಗಾಜಿನಂಥ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಮಾತ್ರ. ಮೊಬೈಲ್ ಪರದೆಗೆ, ಕನ್ನಡಕಕ್ಕೆ ಮಾಡಬೇಡಿ, ಅವುಗಳ ಮೇಲಿನ ತೆಳು ಲೇಪನ ಹೋಗಿಬಿಡುತ್ತದೆ.

1. ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಧಾರಾಳ ನೀರು ಹಾಕಿ ಮಣ್ಣು ಹರಿದುಹೋಗಲಿ. ಸ್ವಿಚ್, ತಂತಿ ಇರುವ ಕಡೆ ನೀರು ಸುರಿಯಬೇಡಿ, ಹಸಿ ಬಟ್ಟೆ ಸಾಕು.

2. ಸುತ್ತಲಿನ ಬಣ್ಣದ ಭಾಗಕ್ಕೆ ಟೇಪ್ ಅಂಟಿಸಿ.

3. ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. ಹಿಂದೆ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ನುಣುಪು. 1000, 1500, 2000 ಈ ಕ್ರಮದಲ್ಲಿ ನೀರು ಹಚ್ಚಿ ಉಜ್ಜಿ. 1000ದಲ್ಲಿ ಅಡ್ಡ ಉಜ್ಜಿದರೆ 1500ರಲ್ಲಿ ಉದ್ದ ಉಜ್ಜಿ. ಹಿಂದಿನ ಗೆರೆ ಪೂರ್ತಿ ಹೋದ ಮೇಲೆಯೇ ಮುಂದಿನ ಪೇಪರ್ ಹಿಡಿಯಿರಿ. ಈ ಹಂತದಲ್ಲಿ ಗಾಜು ಮೊದಲಿಗಿಂತ ಮಬ್ಬಾಗುತ್ತದೆ. ಗಾಬರಿ ಬೇಡ, ಅದು ಸಹಜ.

4. ವಾಹನಕ್ಕೆ ಹಚ್ಚುವ ಪಾಲಿಶ್ ಪೇಸ್ಟನ್ನು ಮೆತ್ತಗಿನ ಹಳೆಯ ಹತ್ತಿ ಬಟ್ಟೆಯಲ್ಲಿ ತೆಗೆದುಕೊಂಡು ದುಂಡಗೆ ಉಜ್ಜಿ. ನಿಧಾನವಾಗಿ ಹೊಳಪು ಬರುತ್ತದೆ. ಬರೀ ತೆಳು ಮಬ್ಬು ಇದ್ದರೆ ಬಿಳಿ ಟೂತ್‌ಪೇಸ್ಟ್ ಕೂಡ ಕೆಲಸ ಮಾಡುತ್ತದೆ, ಯಾಕಂದರೆ ಅದರಲ್ಲಿ ಉಜ್ಜುವ ನುಣ್ಣನೆಯ ಪುಡಿ ಇರುತ್ತದೆ.

5. ಕೊನೆಯ ಹಂತವನ್ನು ಬಹಳ ಜನ ಬಿಡುತ್ತಾರೆ. ಉಜ್ಜಿದಾಗ ಕಂಪನಿಯವರು ಹಾಕಿದ ಬಿಸಿಲು ತಡೆಯುವ ಲೇಪನವೂ ಹೋಗಿರುತ್ತದೆ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಬಿಸಿಲು ತಡೆಯುವ ಕ್ಲಿಯರ್ ಲೇಪನ ಹಚ್ಚಬೇಕು. ಅದು ಸಿಗದಿದ್ದರೆ ವಾಹನದ ಮೇಣವನ್ನಾದರೂ ಆಗಾಗ ಹಚ್ಚುತ್ತಿರಬೇಕು. ಎಣ್ಣೆ ಬ್ಯಾಡ್ರಿ. ಒಂದು ದಿನ ಹೊಳೆದು ಮರುದಿನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ಹೊಸ ಗಾಜು ಕತ್ತರಿಸುವುದು

ಮೂಲ ಬಿಡಿಭಾಗ ಸಿಕ್ಕರೆ ಅದನ್ನೇ ತರಬೇಕು. ಸಿಗದಿದ್ದರೆ ಚಪ್ಪಟೆ ಇರುವ ಕಡೆ ಅಕ್ರಿಲಿಕ್ ಹಾಳೆ ಬಳಸಬಹುದು. ಮೊದಲು ಹಳೆಯದನ್ನು ರಟ್ಟಿನ ಮೇಲಿಟ್ಟು ಗುರುತು ಹಾಕಿ ಕತ್ತರಿಸಿ. ಬ್ಲೌಸಿಗೆ ಪೇಪರ್ ಕಟಿಂಗ್ ಮಾಡುತ್ತೇವಲ್ಲ, ಹಾಗೆಯೇ. ರಟ್ಟು ಸರಿ ಕೂತರೆ ಎರಡು ಅಥವಾ ಮೂರು ಮಿಲಿಮೀಟರ್ ದಪ್ಪದ ಹಾಳೆಯ ಮೇಲೆ ಕಟರ್‌ನಿಂದ ಹಲವು ಸಲ ಗೆರೆ ಎಳೆದು, ಟೇಬಲ್ ಅಂಚಿಗಿಟ್ಟು ಮುರಿಯಬೇಕು. ಸ್ಕ್ರೂ ತೂತನ್ನು ಸ್ಕ್ರೂಗಿಂತ ಸ್ವಲ್ಪ ದೊಡ್ಡದು ಮಾಡಿ. ಬಿಸಿಲಿಗೆ ಹಾಳೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಸ್ಕ್ರೂ ಬಿಗಿಯುವಾಗಲೂ ಬಲ ಹಾಕಬೇಡಿ.

ನಾವು ಮುಟ್ಟಬಾರದ ಕವರ್‌ಗಳು

ಮೊದಲನೆಯದು ಕಾಟಾದ ಒಳಗಾಜು. ಅಂಗಡಿ, ಸಂಘ, ಡೇರಿಯಲ್ಲಿ ವ್ಯಾಪಾರಕ್ಕೆ ಬಳಸುವ ಕಾಟಾಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಪರಿಶೀಲನೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ಕಾಟಾವನ್ನು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಬೇಕು. ನಾವೇ ಬಿಚ್ಚಿ ಸೀಲ್ ಒಡೆದರೆ ಕಾಟಾ ಸರಿಯಿದ್ದರೂ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಪರವಾನಗಿ ಪಡೆದ ರಿಪೇರಿಯವರಿಂದಲೇ ಮಾಡಿಸಿ, ಮತ್ತೆ ಮುದ್ರೆ ಹಾಕಿಸಿ.

ಹೊರಗಿನ ಕವರ್ ಬದಲಿಸುವಾಗ ಒಂದು ಎಚ್ಚರ. ಕವರ್ ಕಾಟಾದ ತಟ್ಟೆಗೂ ಕೆಳಗಿನ ಡಬ್ಬಿಗೂ ಒಟ್ಟಿಗೆ ತಾಗಿದರೆ ತೂಕ ತಪ್ಪಾಗುತ್ತದೆ. ಹಾಕಿದ ಮೇಲೆ ಖಾಲಿ ಕಾಟಾ ಸೊನ್ನೆ ತೋರಿಸಬೇಕು. ಮುದ್ರೆ ಇರುವ ಒಂದು ಕಿಲೋ ಕಬ್ಬಿಣದ ಕಲ್ಲನ್ನು ನಡುವೆ ಮತ್ತು ನಾಲ್ಕೂ ಮೂಲೆಗೆ ಇಟ್ಟು ನೋಡಿ, ಎಲ್ಲಾ ಕಡೆ ಒಂದೇ ಬರಬೇಕು. ಹಲವು ಕಾಟಾಗಳು ಚಾಲೂ ಮಾಡಿದಾಗ ಎಲ್ಲಾ ಅಂಕಿಗಳನ್ನು ಸಾಲಾಗಿ ತೋರಿಸುತ್ತವೆ. ಆಗ ಎಂಟು ಎಂಟಾಗಿ, ಒಂಬತ್ತು ಒಂಬತ್ತಾಗಿ ಕಾಣುತ್ತದೆಯೇ ನೋಡಿಕೊಳ್ಳಿ. ಇದನ್ನು ನಾವು ಅವತ್ತು ಮಾಡಿದ್ದರೆ ಜಗಳವೇ ಆಗುತ್ತಿರಲಿಲ್ಲ.

ಎರಡನೆಯದು ಕರೆಂಟ್ ಮೀಟರ್. ಅದರ ಗಾಜು ಮಬ್ಬಾಗಿ ರೀಡಿಂಗ್ ಕಾಣದಿದ್ದರೆ ಹೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಡಿ, 1912ಕ್ಕೆ ಫೋನ್ ಮಾಡಿ. ಅರ್ಜಿಯ ಒಂದು ಪ್ರತಿಗೆ ಸಹಿ ಪಡೆದು ಇಟ್ಟುಕೊಳ್ಳಿ. ನೀವೇ ಸೀಲ್ ಬಿಚ್ಚಿದರೆ 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ. ಗಾಜು ಒರೆಸಲು ಹೋಗಿ ಕೇಸು ಹಾಕಿಸಿಕೊಳ್ಳಬೇಡಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗಿರಣಿ ಮತ್ತು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ. ಮೂರು ಫೇಸಿನ ನಡುವೆ ನಾನೂರು ವೋಲ್ಟಿಗೂ ಹೆಚ್ಚು ಇರುತ್ತದೆ. ಮುಚ್ಚಳ ಒಡೆದಿದ್ದರೆ ನಾವು ಏನು ಮಾಡುತ್ತೇವೆ? ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟುತ್ತೇವೆ. ಇದು ಮೋಸದ ರಕ್ಷಣೆ. ಒಳಗೆ ಬೆವರು ಹಿಡಿಯುತ್ತದೆ, ಬಿಸಿಯಾದರೆ ಚೀಲ ಕರಗಿ ಉರಿಯುತ್ತದೆ. ತೆರೆದ ಡಬ್ಬಿಯೊಳಗೆ ಹಲ್ಲಿ, ಇರುವೆ, ಹಿಟ್ಟಿನ ಧೂಳು ಸೇರುತ್ತವೆ. ಕತ್ತಲಲ್ಲಿ ಬಟನ್ ಹುಡುಕುವ ಕೈ ತಂತಿಗೆ ತಾಗಿದರೆ ಮುಗಿಯಿತು. ನನ್ನ ತಂಗಿಗೆ ಹೀಗೇ ಶಾಕ್ ಹೊಡೆದು ಗೋಡೆಗೆ ಬಿದ್ದಿದ್ದಳು. ದೇವರ ದಯೆ, ಬದುಕಿದಳು.

ಈ ಡಬ್ಬಿಯನ್ನು ಉಜ್ಜುವುದೂ ಬೇಡ, ಅಂಟಿಸುವುದೂ ಬೇಡ. ಮೇನ್ ಬಂದ್ ಮಾಡಿಸಿ, ಪರವಾನಗಿ ಇರುವ ವೈರ್‌ಮನ್ ಕರೆದು ಹೊಸದು ಹಾಕಿಸಿ. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲೆ "ಐಪಿ" ಎಂದು ಬರೆದು ಎರಡು ಅಂಕಿ ಇರುತ್ತದೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ 55 ಅಥವಾ 65 ಅಂತ ಇದ್ದರೆ ಧೂಳು ಮತ್ತು ಮಳೆ ಎರಡಕ್ಕೂ ತಡೆಯುತ್ತದೆ.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬೇಕು. ಘಟಪ್ರಭೆ ಉಕ್ಕಿ ನಮ್ಮ ಭಾಗದ ಎಷ್ಟೋ ಮನೆ, ಹೊಲ ನೀರಲ್ಲಿ ನಿಂತವು. ಜನರನ್ನು ಬೋಟಿನಲ್ಲಿ ಕರೆತಂದರು. ನೀರು ಇಳಿದ ಮೇಲೆ ಡಬ್ಬಿಯ ಹೊರಗೆ ಒರೆಸಿ ಬಟನ್ ಒತ್ತುವುದು ಬಹಳ ಅಪಾಯ. ಮುಳುಗಿದ ಡಬ್ಬಿಯನ್ನು ವೈರ್‌ಮನ್ ಬಿಚ್ಚಿ, ಕೆಸರು ತೆಗೆದು, ಒಣಗಿಸಿ, ಪರೀಕ್ಷೆ ಮಾಡುವ ತನಕ ಕರೆಂಟ್ ಕೊಡಬಾರದು. ಇದನ್ನು ಮನೆಯ ಗಂಡಸರಿಗೂ ಹೇಳಿ.

ಕವರ್ ಹೊಲಿಯುವುದು: ನಮಗೊಂದು ಕೆಲಸ

ಬಿಸಿಲು ಬೀಳದಂತೆ ಮಾಡುವುದೇ ಎಲ್ಲಕ್ಕಿಂತ ಸುಲಭದ ಉಪಾಯ. ಬೋಟಿನವರೂ ಯಂತ್ರ ಬಳಸದಿದ್ದಾಗ ಮೇಲೊಂದು ಮುಸುಕು ಹಾಕುತ್ತಾರೆ. ಹೊಲಿಗೆ ಬರುವ ನಮಗೆ ಇದು ಕಷ್ಟವೇ? ಕಾಟಾ, ಮಿಕ್ಸರ್, ಹೊಲಿಗೆ ಯಂತ್ರ, ಸ್ಕೂಟಿಯ ಮೀಟರ್, ಟ್ರ್ಯಾಕ್ಟರ್ ಮೀಟರ್ ಎಲ್ಲಕ್ಕೂ ಹೊಲಿಯಬಹುದು.

ನಾವು ಹೊಲಿದು ಕಲಿತದ್ದು ಇಷ್ಟು. ಅಳತೆಗಿಂತ ಸುತ್ತಲೂ ಒಂದು ಇಂಚು ಸಡಿಲ ಬಿಡಬೇಕು. ರೆಕ್ಸಿನ್ ಅಥವಾ ತಾಡಪತ್ರಿ ಹೊರಗೆ, ಹಳೆಯ ಹತ್ತಿ ಸೀರೆಯ ಅಸ್ತರಿ ಒಳಗೆ, ಗೀರು ಬೀಳುವುದಿಲ್ಲ. ಟಾಕಿ ಉದ್ದ ಇರಲಿ. ಒತ್ತೊತ್ತಾಗಿ ಹೊಲಿದರೆ ಅಂಚೆ ಚೀಟಿ ಹರಿದಂತೆ ರೆಕ್ಸಿನ್ ಹರಿಯುತ್ತದೆ. ಹದಿನಾರು ಅಥವಾ ಹದಿನೆಂಟರ ಸೂಜಿ, ಪಾಲಿಯೆಸ್ಟರ್ ದಾರ ಬಳಸಿ. ಹತ್ತಿ ದಾರ ಬಿಸಿಲು ಮಳೆಗೆ ಬೇಗ ಕೊಳೆಯುತ್ತದೆ. ಕೆಳಗೆ ಗಾಳಿಯಾಡಲು ಬಿಡಬೇಕು. ಯಂತ್ರ ಚಾಲೂ ಇರುವಾಗ, ಬಿಸಿ ಇರುವಾಗ ಮುಚ್ಚಬಾರದು. ಕರೆಂಟಿನ ಸ್ಟಾರ್ಟರ್ ಡಬ್ಬಿಗೆ ಬಟ್ಟೆ ಕವರ್ ಹೊಲಿಯಲೇಬೇಡಿ, ಯಾರು ಕೇಳಿದರೂ.

ಬೆಲೆ ಹೇಳುವಾಗ ರೆಕ್ಸಿನ್, ಅಸ್ತರಿ, ದಾರ, ಎಲಾಸ್ಟಿಕ್, ಬಸ್ ಚಾರ್ಜು, ಜೊತೆಗೆ ನಿಮ್ಮ ಹೊಲಿಗೆ ತಾಸುಗಳ ಕೂಲಿ ಎಲ್ಲಾ ಸೇರಿಸಿ. ನಮ್ಮ ಕೂಲಿಯನ್ನು ನಾವೇ ಲೆಕ್ಕ ಹಿಡಿಯುವುದಿಲ್ಲ, ಇದೇ ನಮ್ಮ ದೊಡ್ಡ ತಪ್ಪು. ಮೊದಲು ನಾಲ್ಕೈದು ಹೊಲಿದು ನಮ್ಮ ಸಂಘಗಳಲ್ಲೇ ಬಳಸಿ ನೋಡೋಣ, ಒಂದು ಮಳೆಗಾಲ ತಡೆದರೆ ಮಾರೋಣ. ಸಾಲ ತೆಗೆದು ಒಮ್ಮೆಲೇ ಥಾನ್‌ಗಟ್ಟಲೆ ರೆಕ್ಸಿನ್ ತರುವುದು ಬೇಡ. ನಮ್ಮೂರಿನಲ್ಲೇ ಬರ್ಡ್ಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಪಂಪು, ಸ್ಪ್ರೇಯರ್, ಡ್ರಿಪ್ ಉಪಕರಣಗಳ ಬಗ್ಗೆ ಸಂಶಯವಿದ್ದರೆ ಸಂಘದವರೆಲ್ಲ ಸೇರಿ ಹೋಗಿ ಕೇಳಬಹುದು.

ಇನ್ನೊಂದು ಮಾತು. ಹಳೆಯ ಕವರನ್ನು ಒಲೆಗೆ ಹಾಕಬೇಡಿ. ಬೇಗ ಹತ್ತಿಕೊಳ್ಳುತ್ತದೆ ಅಂತ ನಾವು ಹಾಕುತ್ತೇವೆ. ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕುಂತ ನಮ್ಮ ಎದೆಗೆ, ಮಡಿಲಲ್ಲಿರುವ ಕೂಸಿನ ಎದೆಗೆ. ಒಂದು ಚೀಲದಲ್ಲಿ ಕೂಡಿಟ್ಟು ಗುಜರಿಯವರಿಗೆ ಕೊಡಿ.

ಈ ವಾರ ಮಾಡಬೇಕಾದದ್ದು

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇಷ್ಟು ಮಾಡಿ. ಸಂಘದ ಕಾಟಾದ ಹೊರಗಿನ ಕವರ್ ತೆಗೆದು ಅಂಕಿ ನೋಡಿ, ಮುದ್ರೆಯ ದಿನಾಂಕ ನೋಡಿ, ಒಂದು ಕಿಲೋ ಕಲ್ಲಿಟ್ಟು ಪರೀಕ್ಷಿಸಿ ನಡಾವಳಿಯಲ್ಲಿ ಬರೆಯಿರಿ. ಗಿರಣಿ ಇರುವ ಸಂಘದವರು ಸ್ಟಾರ್ಟರ್ ಮುಚ್ಚಳ ಒಡೆದಿದೆಯೇ ನೋಡಿ ಇವತ್ತೇ ವೈರ್‌ಮನ್‌ಗೆ ಹೇಳಿ. ತೂಗುವಾಗ ಇಬ್ಬರು ಅಂಕಿ ಓದಿ, ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯಿರಿ.

ನಮ್ಮ ಹಿರಿಯವ್ವ ಈಗ ಪ್ರತಿ ವಾರ ಸಭೆಗೆ ಬರುತ್ತಾಳೆ. ಕಾಟಾಕ್ಕೆ ಮುಸುಕು ಹೊಲಿದವಳೂ ಅವಳೇ. ಸಂಜೆ ಕೆಲಸ ಮುಗಿದ ಮೇಲೆ ಅದನ್ನು ತಾನೇ ಹೊಚ್ಚಿ, "ಮುಚ್ಚಿಟ್ಟೀನವಾ, ನಾಳೆ ಯಾರಿಗೂ ಜಗಳ ಬ್ಯಾಡ" ಅನ್ನುತ್ತಾಳೆ. ಯಾರ ಮೇಲಾದರೂ ಅನುಮಾನ ಬಂದಾಗ ಮೊದಲು ಕಾಟಾದ ಗಾಜು ಒರೆಸಿ ನೋಡ್ರಿ, ಆಮೇಲೆ ಮಾತಾಡ್ರಿ ಅಂತ ನಾನು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.